ಹತ್ತೊಂಬತ್ತು ಕೆಲಸದ ಪುಸ್ತಕ

ಪುಸ್ತಕದ ಮೊದಲನೇ ಪ್ರತಿ ಪ್ರಿಂಟರಿನ ಬಾಯಿಂದ ಕಿರ್ರ್ ಕಿರ್ರ್ ಅಂತ ಹೊರಗೆ ಬಂತಲ್ಲ, ಅದರಲ್ಲಿ ಎಲ್ಲಾ ಕೆಲಸಕ್ಕೂ ಒಂದೇ ಹೆಸರಿತ್ತು. ಕೆಲಸ. ಮೊದಲನೆಯದೂ ಕೆಲಸ, ಎರಡನೆಯದೂ ಕೆಲಸ, ಕೊನೆಯದೂ ಕೆಲಸ. ಗುರುವಯ್ಯನಿಗೆ ಇಂಗ್ಲಿಷ್ ಅಕ್ಷರ ಬಾರದು. ಆದರೆ ಒಂದೇ ಅಚ್ಚಿನ ಗೆರೆಗಳು ಒಂದರ ಕೆಳಗೊಂದು ಕೂತಿದ್ದು ಕಾಣದಷ್ಟು ಕಣ್ಣೇನೂ ಮಂಜಾಗಿರಲಿಲ್ಲ.

"ಇದೆಂತದು ಕೂಸೇ? ನರ್ಸರಿ ಪಾತಿಯಲ್ಲಿ ಸಸಿ ನಿಲ್ಲಿಸಿದಂಗೆ ಕಾಣ್ತದಲ್ಲ."

ರುಬೀನಾ ಕಾಗದವನ್ನ ಮೇಲಿಂದ ಕೆಳಗೆ ಓದಿದಳು. ಆಮೇಲೆ ಗಡಿಯಾರ ನೋಡಿದಳು. ಬೆಳಿಗ್ಗೆ ಒಂಬತ್ತೂವರೆ.

"ಅಜ್ಜ, ಮೂರು ಗಂಟೆಗೆ ಮೇಡಂ ಬರ್ತಾರೆ," ಅಂದಳು. ಅಷ್ಟೇ ಅಂದು ನಗಲಿಕ್ಕೆ ಶುರು ಮಾಡಿದಳು. ಅದು ಸಂತೋಷದ ನಗು ಅಲ್ಲ, ಗಾಬರಿ ಜಾಸ್ತಿಯಾದಾಗ ಬರ್ತದಲ್ಲ ಆ ನಗು. ಆದರೆ ನಗು ಅನ್ನೋದು ಅಂಟುರೋಗ. ಗುರುವಯ್ಯನಿಗೂ ಬಂತು.

ಬಣಕಲ್ಲಿನ ಹೈವೇ ಪಕ್ಕದ ಹಸನ್‌ನ ವರ್ಕ್‌ಶಾಪಿನ ಹಿಂದಿನ ಕೋಣೆ ಅದು. ಮುಂದಿನ ಕೋಣೆಯಲ್ಲಿ ಹಸನ್ ಕಾಫಿ ಹಣ್ಣು ಸುಲಿಯುವ ಪಲ್ಪರ್ ರಿಪೇರಿ ಮಾಡ್ತಾನೆ, ಮೋಟಾರ್ ವೈಂಡಿಂಗ್ ಮಾಡ್ತಾನೆ. ಹಿಂದಿನ ಕೋಣೆಯನ್ನು ಎರಡು ವರ್ಷದ ಹಿಂದೆ ಮಗಳು ರುಬೀನಾ ಹಿಡಿದುಕೊಂಡಿದ್ದಳು. ಎಲೆಕ್ಟ್ರಾನಿಕ್ಸ್ ಓದಿ ಬಂದವಳು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜ, ಅದನ್ನ ಒಣಗಿಸುವ ಡ್ರೈಯರ್ ಡ್ರಮ್ಮಿಗೆ ಒಂದು ಪೆಟ್ಟಿಗೆ ಕಟ್ಟಿದ್ದಳು. ಯಾವಾಗ ಬಿಸಿಗಾಳಿ ಬಿಡಬೇಕು, ಯಾವಾಗ ಡ್ರಮ್ ತಿರುಗಬೇಕು, ಯಾವಾಗ ಸುಮ್ಮನೆ ನಿಲ್ಲಬೇಕು, ಎಲ್ಲಾ ಆ ಪೆಟ್ಟಿಗೆಯೇ ಹೇಳ್ತದೆ. ಪೆಟ್ಟಿಗೆಗೆ ಬುದ್ಧಿ ಕಲಿಸಿದ್ದು ಕಂಪ್ಯೂಟರಿನಲ್ಲಿ ರುಬೀನಾ. ರುಬೀನಾಗೆ ಕಲಿಸಿದ್ದು ಗುರುವಯ್ಯ.

ಗುರುವಯ್ಯ ಕೊಟ್ಟಿಗೆಹಾರದ ಮೇಲಿನ ಎಸ್ಟೇಟಿನಲ್ಲಿ ನಲವತ್ತು ವರ್ಷ ಮೇಸ್ತ್ರಿ ಆಗಿದ್ದವನು. ಮೂರನೇ ಕ್ಲಾಸಿನ ಬಾಗಿಲು ನೋಡಿದ್ದ, ಒಳಗೆ ಹೋಗಿರಲಿಲ್ಲ. ಆದರೆ ಪಾರ್ಚ್‌ಮೆಂಟ್ ಕಾಳನ್ನ ಹಲ್ಲಿನಲ್ಲಿ ಕಡಿದು, ಇನ್ನೂ ಒಂದು ತಾಸು ಬೇಕು ಅಂದರೆ ಒಂದು ತಾಸೇ ಬೇಕು. ಯಾವ ವರ್ಷ ಯಾವ ತಿಂಗಳು ಮಳೆ ಕಣದ ಮೇಲೆ ಬಂತು, ಯಾರು ಟಾರ್ಪಾಲು ಎಳೆದರು, ಯಾರು ಓಡಿಹೋದರು, ಎಲ್ಲಾ ನೆನಪು. ಒಣಗಿಸೋದರಲ್ಲಿ ಹತ್ತೊಂಬತ್ತು ಕೆಲಸ ಅಂತ ಅವನ ಲೆಕ್ಕ. ತುಂಬೋದು, ಹರಡೋದು, ಬೆಚ್ಚಗೆ ಮಾಡೋದು, ತಿರುವೋದು, ಬೆವರಿಸೋದು, ಹೀಗೆ. ಒಂದೊಂದನ್ನೂ ರುಬೀನಾ ಕೇಳಿ ಕೇಳಿ ಬರೆದುಕೊಂಡು ಪೆಟ್ಟಿಗೆಯೊಳಗೆ ಇಳಿಸಿದ್ದಳು.

ಈಗ ಸಂಸೆ ಕಡೆಯ ಒಂದು ಬೆಳೆಗಾರರ ಸಂಘ ತಮ್ಮ ಅಷ್ಟೂ ಡ್ರೈಯರಿಗೆ ಇದೇ ಪೆಟ್ಟಿಗೆ ಹಾಕಿಸ್ತೇವೆ ಅಂದಿತ್ತು. ಒಂದು ಮಾತಿನ ಮೇಲೆ. ಪೆಟ್ಟಿಗೆಯ ಜೊತೆ ಪುಸ್ತಕ ಕೊಡಬೇಕು. ಪೆಟ್ಟಿಗೆಯೊಳಗೆ ಏನೇನು ಬರೆದಿದೆ, ಯಾವ ಕೆಲಸ ಎಲ್ಲಿದೆ, ಯಾವುದನ್ನ ಎಲ್ಲಿ ಬದಲಾಯಿಸಬೇಕು, ಎಲ್ಲಾ ಆ ಪುಸ್ತಕ ನೋಡಿದರೆ ಗೊತ್ತಾಗಬೇಕು. ಹಿಂದಿನ ವರ್ಷ ಬೇರೆ ಯಾರೋ ಒಬ್ಬ ಮಷಿನ್ ಕೊಟ್ಟಿದ್ದನಂತೆ. ನಡು ಸೀಸನ್ನಿನಲ್ಲಿ ಅದು ಕೆಟ್ಟಿತು. ಅವನು ಊರಲ್ಲಿಲ್ಲ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಚೀಲ ಚೀಲ ಪಾರ್ಚ್‌ಮೆಂಟಿಗೆ ಬೂಷ್ಟು ಹಿಡಿಯಿತು. ಅದಕ್ಕೇ ಸಂಘದ ಇಂಜಿನಿಯರ್ ವಿಮಲಮ್ಮನವರು ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು: "ಗುರುವಾರ ಮೂರು ಗಂಟೆಗೆ ಬರ್ತೇನೆ. ಪುಸ್ತಕ ಸರಿ ಇದ್ರೆ ಪೆಟ್ಟಿಗೆ. ಇಲ್ಲದಿದ್ರೆ ನಮಸ್ಕಾರ."

ನಮಸ್ಕಾರ ಆದರೆ ರುಬೀನಾಳ ಕೋಣೆಗೂ ನಮಸ್ಕಾರವೇ. ಹಸನ್ ಹೇಳಿ ಆಗಿತ್ತು. "ಎರಡು ವರ್ಷ ನೋಡಿದೆ ಮಗಳೇ. ಈ ಸಂಘ ಒಪ್ಪಿದ್ರೆ ಕೋಣೆ ನಿಂದು. ಒಪ್ಪದಿದ್ರೆ ಶುಕ್ರವಾರ ನಾನು ಅಲ್ಲಿ ಪಂಪ್‌ಸೆಟ್ ಇಡ್ತೇನೆ." ಹಸನ್ ಕೆಟ್ಟವನಲ್ಲ. ಆದರೆ ಹೊರಗೆ ಮಂಜು ಬಿದ್ದು ಹನ್ನೊಂದು ಪಂಪ್‌ಸೆಟ್ ಒದ್ದೆಯಾಗ್ತಾ ಕೂತಿದ್ದವು.

ಪುಸ್ತಕವನ್ನ ಕೈಯಲ್ಲಿ ಬರೆಯುವುದಲ್ಲ. ಅದಕ್ಕೇ ಒಂದು ಪ್ರೋಗ್ರಾಂ ಇದೆ ಅಂತ ರುಬೀನಾ ಹೇಳಿದ್ದಳು. ತಾನು ಬರೆದದ್ದನ್ನೆಲ್ಲಾ ಅದು ಓದಿ, ಇಂಥ ಕೆಲಸ ಇಲ್ಲಿದೆ, ಹೀಗೆ ಮಾಡ್ತದೆ ಅಂತ ತಾನೇ ಪಟ್ಟಿ ಮಾಡಿ ಪುಸ್ತಕ ಕಟ್ಟುತ್ತದೆ. ಗುರುವಯ್ಯನಿಗೆ ಅದು ಎಸ್ಟೇಟ್ ಆಫೀಸಿನ ರೈಟರ್ ಥರ ಕಂಡಿತ್ತು. ಹೊರಗೆ ಹೋಗಿ ಗಿಡ ಮುಟ್ಟೋದಿಲ್ಲ, ಕೂತಲ್ಲೇ ಕೂತು ಎಲ್ಲಾ ಬರೆದಿಡ್ತದೆ.

"ಹಾಗಾದ್ರೆ ನಿನ್ನ ರೈಟರ್ ಎಲ್ಲರಿಗೂ ಒಂದೇ ಹೆಸರು ಎಂತಕ್ಕೆ ಬರೆದ?"

"ತಪ್ಪು ನಂದೇ ಅಜ್ಜ." ರುಬೀನಾ ತಲೆ ಕೆರೆದುಕೊಂಡಳು. "ಪ್ರತಿ ಕೆಲಸದ ತಲೆಮೇಲೂ ಒಂದು ಉದ್ದ ಸಾಲು ಬರೀಬೇಕು. ಹತ್ತೊಂಬತ್ತು ಸಲ ಅದನ್ನೇ ಬರೆಯೋಕೆ ಬೇಜಾರಾಯ್ತು. ಅದಕ್ಕೆ ಒಂದು ಚಿಕ್ಕ ಮಾತು ಮಾಡಿಟ್ಟೆ. 'ಕೆಲಸ' ಅಂತ. ಅದನ್ನ ಮ್ಯಾಕ್ರೋ ಅಂತಾರೆ. ಕೆಲಸ ಅಂತ ಬರೆದು ಪಕ್ಕದಲ್ಲಿ 'ತಿರುವು' ಅಂದ್ರೆ ಸಾಕು, ಪೆಟ್ಟಿಗೆಗೆ ಹಾಕೋವಾಗ ಕಂಪ್ಯೂಟರ್ ಅದನ್ನ ಬಿಚ್ಚಿ ಉದ್ದ ಸಾಲು ಮಾಡ್ಕೊಳ್ತದೆ. ಆದರೆ ಪುಸ್ತಕ ಬರೆಯೋ ಈ ಮಾರಾಯ ಬಿಚ್ಚೋದಿಲ್ಲ. ಗಂಟು ಹೆಂಗಿದೆಯೋ ಹಂಗೇ ಬರೆದುಕೊಂಡಿದ್ದಾನೆ."

ಇಷ್ಟು ಕೇಳಿದ್ದೇ ತಡ, ಗುರುವಯ್ಯ ತೊಡೆ ತಟ್ಟಿಕೊಂಡು ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮಿನ ನಡುವೆ, "ಸಿದ್ದಬಸಪ್ಪ! ಸಿದ್ದಬಸಪ್ಪ!" ಅಂದ.

"ಯಾರು ಅಜ್ಜ?"

"ಎಪ್ಪತ್ತೊಂದನೇ ಇಸವಿ ಕೂಸೇ. ಬಯಲುಸೀಮೆಯಿಂದ ಹೊಸ ರೈಟರ್ ಬಂದಿದ್ರು. ಒಳ್ಳೆ ಅಕ್ಷರ, ಮುತ್ತು ಪೋಣಿಸಿದಂಗೆ. ಮೊದಲನೇ ದಿನ ಬೆಳಿಗ್ಗೆ ಹಾಜರಿ. ನಾನು ಕೂಗಿದೆ, 'ರಾಮಮ್ಮನ ಗುಂಪು, ಹಳ್ಳದ ಬ್ಲಾಕ್!' ಅಂತ. ನಮ್ಮಲ್ಲಿ ಹಂಗೇ ಕೂಗೋದು. ರಾಮಮ್ಮನ ಗುಂಪು ಅಂದ್ರೆ ಹದಿನಾಲ್ಕು ಜನ ಹೆಂಗಸರು. ಹಳೇ ರೈಟರಿಗೆ ಗೊತ್ತಿತ್ತು, ಇವರಿಗೆ ಯಾರೂ ಹೇಳಿರಲಿಲ್ಲ. ಇವರು ಬರೆದರು: ರಾಮಮ್ಮ, ಒಂದು ಆಳು."

"ಅಯ್ಯೋ!"

"ಹತ್ತು ಗಂಟೆಗೆ ಆಫೀಸಿನಿಂದ ಚಾ ಹೋಯ್ತು. ಒಂದು ಲೋಟ. ರಾಮಮ್ಮ ನೋಡಿದಳು. ಹದಿನಾಲ್ಕೂ ಜನರನ್ನ ಸಾಲಾಗಿ ನಿಲ್ಲಿಸಿಕೊಂಡು ಆ ಒಂದು ಲೋಟ ಕೈಯಲ್ಲಿ ಹಿಡಿದು ಆಫೀಸಿನ ಜಗಲಿಗೆ ಬಂದಳು. ಸಿದ್ದಬಸಪ್ಪನವರ ಎದುರಿಗೆ ಅವಳೊಂದು ಗುಟುಕು ಕುಡಿದು ಮುಂದಿನವಳಿಗೆ ಕೊಟ್ಟಳು. ಅವಳು ಒಂದು ಗುಟುಕು. ಅದರ ಮುಂದಿನವಳು ಒಂದು ಗುಟುಕು. ಹದಿನಾಲ್ಕನೆಯವಳು ಖಾಲಿ ಲೋಟ ಬಗ್ಗಿಸಿ ತೋರಿಸಿ, 'ಬುದ್ಧಿ, ನಂಗೆ ಸಿಗಲಿಲ್ಲ' ಅಂದಳು."

ರುಬೀನಾ ಕುರ್ಚಿಯಿಂದ ಜಾರುವಷ್ಟು ನಕ್ಕಳು. ಮುಂದಿನ ಕೋಣೆಯಿಂದ ಹಸನ್ ತಲೆ ಹಾಕಿ, "ಕೆಲಸ ಮುಗೀತಾ?" ಅಂದ.

"ಹತ್ತೊಂಬತ್ತು ಸಲ ಮುಗೀತು ಬಾಪಾ," ಅಂದಳು ರುಬೀನಾ. ಹಸನ್‌ಗೆ ಅರ್ಥವಾಗಲಿಲ್ಲ, ಆದರೆ ನಗ್ತಾ ಇದ್ದಾರಲ್ಲ, ಒಳ್ಳೇದೇ ಇರಬೇಕು ಅಂತ ಸ್ಪ್ಯಾನರ್ ಹಿಡಿದು ವಾಪಸ್ ಹೋದ.

ರುಬೀನಾ ಮತ್ತೆ ಕೂತಳು. ಪ್ರೋಗ್ರಾಂಗೆ ಅಪ್ಪಣೆ ಕೊಡಲಿಕ್ಕೆ ಅಂತ ಒಂದು ಉದ್ದ ಪಟ್ಟಿ ಇತ್ತು. ಅದರಲ್ಲಿ ಒಂದು ಸಾಲಿನಲ್ಲಿ 'ಇಲ್ಲ' ಅಂತಿದ್ದದ್ದನ್ನ 'ಹೌದು' ಮಾಡಿದಳು. "ಎಲ್ಲಾ ಗಂಟೂ ಬಿಚ್ಚು ಅಂತ ಹೇಳಿದ್ದೇನೆ. ಈಗ ನೋಡಿ ಅಜ್ಜ."

ಪ್ರಿಂಟರ್ ಶುರುವಾಯ್ತು. ಒಂದಕ್ಕೊಂದು ಅಂಟಿಕೊಂಡ ಮಡಿಕೆ ಕಾಗದ, ಎರಡೂ ಕಡೆ ತೂತು ಇರೋದು. ಮೇಜು ಇಳಿಯಿತು, ನೆಲಕ್ಕೆ ಬಂತು, ಬಾಗಿಲು ದಾಟಿತು. ಮೊದಲನೇ ಪುಸ್ತಕ ನಲವತ್ತು ಪುಟ ಇತ್ತು. ಇದು ನೂರು ದಾಟಿದರೂ ನಿಲ್ಲಲಿಲ್ಲ. ಅಂಗಳದಲ್ಲಿ ಮರಿಯಂ, ಅಂದರೆ ರುಬೀನಾಳ ತಾಯಿ, ಕೋಳಿಗೆ ಅಕ್ಕಿ ನುಚ್ಚು ಹಾಕ್ತಾ ಇದ್ದವಳು, ಕಾಗದ ತನ್ನ ಕಾಲಬುಡಕ್ಕೆ ಬಂದದ್ದು ನೋಡಿ, "ಏ, ನಿಮ್ಮ ಮಷಿನಿಗೆ ಭೇದಿ ಹತ್ತಿದೆಯಾ?" ಅಂತ ಕೂಗಿದಳು. ಹುಂಜ ಒಂದು ಕಾಗದದ ಮೇಲೆ ಹತ್ತಿ ಮೂರು ಪುಟ ನಡೆದು ಹೋಯಿತು.

ರುಬೀನಾ ಓಡಿ ಸ್ವಿಚ್ ಆರಿಸಿದಳು. ಕಾಗದ ಎತ್ತಿಕೊಂಡು ಓದಿದಳು. ಮುಖ ಸಣ್ಣದಾಯಿತು.

"ಹೆಸರು ಬಂತಾ?" ಗುರುವಯ್ಯ ಕೇಳಿದ.

"ಹೆಸರು ಬಂತು. ಆದರೆ ಬಿಚ್ಚಬಾರದ್ದನ್ನೆಲ್ಲಾ ಬಿಚ್ಚಿ ಹಾಕಿದ್ದಾನೆ. ಬೆವರಿನ ಹೊತ್ತು ಅಂತ ನಾನೊಂದು ಹೆಸರಿಟ್ಟಿದ್ದೆ ಅಜ್ಜ, ಎಷ್ಟು ಹೊತ್ತು ಡ್ರಮ್ ಸುಮ್ಮನಿರಬೇಕು ಅನ್ನೋದಕ್ಕೆ. ಪುಸ್ತಕದ ಹೊತ್ತಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಬರೀ ಮೂರು ಸಾವಿರದ ಆರುನೂರು ಅಂತ ಇದೆ. ಅದು ಸೆಕೆಂಡಾ, ಚೀಲವಾ, ಆಳಾ, ಓದಿದವರಿಗೆ ಹೆಂಗೆ ಗೊತ್ತಾಗಬೇಕು? ತಂತಿ ಎಲ್ಲಿ ಸೇರ್ತದೆ ಅನ್ನೋದಕ್ಕೂ ಹೆಸರಿತ್ತು, ಅದೂ ಹೋಯ್ತು. ಒಂದು ಗೆರೆ ಇದ್ದದ್ದು ಆರು ಗೆರೆ ಆಗಿದೆ. ಇದನ್ನ ನಾನೇ ಓದಲಾರೆ."

ಗುರುವಯ್ಯ ಗೋಡೆಗೆ ಒರಗಿ ಕೂತ. ಅವನ ತುಟಿ ಅದುರ್ತಾ ಇತ್ತು.

"ಏನು ಅಜ್ಜ?"

"ನೀನು ಬೈತೀಯ."

"ಬೈಯೋದಿಲ್ಲ, ಹೇಳಿ."

"ಸಿದ್ದಬಸಪ್ಪನವರೂ ಮರುದಿನ ಹಿಂಗೇ ಮಾಡಿದ್ದು. ರಾಮಮ್ಮ ಮಾಡಿದ ಅವಮಾನ ಅವರಿಗೆ ತಡೀಲಿಲ್ಲ. ಇನ್ನು ನಾನು ಯಾವ ಗುಟ್ಟಿನ ಮಾತನ್ನೂ ನಂಬೋದಿಲ್ಲ, ಎಲ್ಲಾ ಬಿಡಿಸಿ ಬರೀತೇನೆ ಅಂತ ಕೂತರು. ನಾನು 'ಹಳ್ಳದ ಬ್ಲಾಕ್' ಅಂದೆ. ಅವರು ಅದನ್ನೂ ಬಿಡಿಸಿದರು. ಎಷ್ಟು ಗಿಡ, ಎಷ್ಟು ಸಾಲು, ಎಷ್ಟು ಸಿಲ್ವರ್ ಮರ, ಯಾವ ಮರಕ್ಕೆ ಮೆಣಸಿನ ಬಳ್ಳಿ. ಮಧ್ಯಾಹ್ನ ಧಣಿಗಳು ಬಂದು ಇವತ್ತು ಯಾರು ಎಲ್ಲಿದ್ದಾರೆ ಅಂತ ಕೇಳಿದರೆ ಹನ್ನೊಂದು ಹಾಳೆ ಕೈಗೆ ಕೊಟ್ಟರು. ಧಣಿಗಳು ನಾಲ್ಕು ಹಾಳೆ ಓದಿ, 'ಸಿದ್ದಬಸಪ್ಪ, ನಾನು ತೋಟ ಕೊಂಡುಕೊಳ್ಳೋಕೆ ಬಂದಿಲ್ಲ, ತೋಟ ನಂದೇ' ಅಂದ್ರು."

ರುಬೀನಾ ಬೈಯಲಿಲ್ಲ. ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಆಮೇಲೆ?" ಅಂದಳು.

"ಆಮೇಲೆ ಎಂತ, ರಾಮಮ್ಮನೇ ಹೋಗಿ ಹೇಳಿದಳು. ಜನ ಇರೋ ಹೆಸರು ಬಿಚ್ಚಿ ಬುದ್ಧಿ, ಜಾಗದ ಹೆಸರು ಬಿಚ್ಚಬೇಡಿ. ಜನ ಇರೋ ಹೆಸರು ಮೂರೇ ಮೂರು, ಇಲ್ಲಿ ಬರೆದಿಟ್ಟುಕೊಳ್ಳಿ ಅಂತ. ಅವರು ಗೋಡೆಗೆ ಒಂದು ಚೀಟಿ ಅಂಟಿಸಿದರು. ಅಲ್ಲಿಂದ ಮುಂದೆ ಹದಿನಾರು ವರ್ಷ ಅವರೇ ಇದ್ದರು, ಅಷ್ಟು ಒಳ್ಳೆ ರೈಟರ್ ನಮಗೆ ಮತ್ತೆ ಸಿಕ್ಕಿಲ್ಲ."

ರುಬೀನಾಳ ಕಣ್ಣು ಅಗಲವಾಯಿತು. "ಅಜ್ಜ, ಚೀಟಿ! ಚೀಟಿ ಅಂಟಿಸೋ ಜಾಗ ಇದೆ ಇದರಲ್ಲಿ! ಚೀಟಿಯಲ್ಲಿ ಇರೋದನ್ನ ಮಾತ್ರ ಬಿಚ್ಚು ಅಂತ ಹೇಳೋ ಸಾಲೂ ಇದೆ. ನಾನು ಅದು ಎಂತಕ್ಕೆ ಅಂತ ತಿಳೀದೆ ದಾಟಿಕೊಂಡು ಹೋಗಿದ್ದೆ!"

ಅವಳು ಟೈಪು ಮಾಡಿದ ರಭಸಕ್ಕೆ ಮೇಜಿನ ಮೇಲಿದ್ದ ಚಾ ಲೋಟ ತಾನಾಗಿ ಅಂಚಿಗೆ ಸರಿಯಿತು. ಗುರುವಯ್ಯ ಅದನ್ನ ಹಿಡಿದ. ಚೀಟಿಯಲ್ಲಿ ಒಂದೇ ಹೆಸರು, ಕೆಲಸ. ಅದು ಬಿಚ್ಚಿದರೆ ಏನಾಗಬೇಕು ಅಂತ ಪಕ್ಕದಲ್ಲಿ. ಉಳಿದ ಯಾವ ಗಂಟನ್ನೂ ಮುಟ್ಟಬೇಡ.

ಈ ಸಲ ಪ್ರಿಂಟ್ ಹಾಕದೆ ಪರದೆಯ ಮೇಲೇ ನೋಡಿದರು. ಹೆಸರುಗಳು ಬಂದಿದ್ದವು. ಬೆವರಿನ ಹೊತ್ತು ಮುಂತಾದವೆಲ್ಲಾ ಹೆಸರಾಗಿಯೇ ಉಳಿದಿದ್ದವು. ರುಬೀನಾ ಎದ್ದು ನಿಂತು ಎರಡು ಕೈ ಮೇಲೆತ್ತಿ ಒಂದು ಸುತ್ತು ತಿರುಗಿದಳು. "ಬಾಪಾ! ಬಂತು!" ಅಂತ ಕೂಗಿದಳು. ಹಸನ್ ಬಂದ, ಮರಿಯಂ ಬಂದಳು. ಗುರುವಯ್ಯ ಮಾತ್ರ ಎದ್ದಿರಲಿಲ್ಲ.

"ಓದು ನೋಡುವ," ಅಂದ.

"ಎಂತದು?"

"ಹೆಸರು. ಒಂದೊಂದಾಗಿ ಓದು. ನಾನು ಕೇಳ್ತೇನೆ."

ರುಬೀನಾ ಓದಿದಳು. ತುಂಬು. ಹರಡು. ಬೆಚ್ಚಗೆ ಮಾಡು. ತಿರುವು. ಗುರುವಯ್ಯ ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನ ಬೆರಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಸ್ತಾ ಇದ್ದ. ಎಡಗೈ ಮುಗಿದು ಬಲಗೈಗೆ ಬಂತು. ಒಂದು ಕಡೆ ಹೆಬ್ಬೆರಳು ನಿಂತಿತು.

"ತಡಿ. ಹದಿಮೂರರ ಮುಂದೆ ಎಂತದು?"

"ತಂಪು ಮಾಡು."

"ತಪ್ಪು. ತಂಪು ಮಾಡೋದು ಹದಿನಾರು. ಬೆವರಿಸೋದು ಎಲ್ಲಿ ಹೋಯ್ತು? ಗಾಳಿ ಹಿಂದೆ ತಿರುಗಿಸೋದು ಎಲ್ಲಿ?"

ರುಬೀನಾ ಎಣಿಸಿದಳು. ಹದಿನೇಳು. ಮತ್ತೆ ಎಣಿಸಿದಳು. ಹದಿನೇಳೇ.

"ಇಬ್ಬರು ಓಡಿಹೋಗಿದ್ದಾರೆ," ಅಂದ ಹಸನ್.

"ಸುಮ್ಮನಿರಿ ಬಾಪಾ." ರುಬೀನಾ ತನ್ನ ಬರಹವನ್ನ ಮೇಲಿಂದ ಕೆಳಗೆ ಓಡಿಸಿದಳು. ನಡುವೆ ಕಾಣಿಸಿತು. ಆ ಎರಡು ಕೆಲಸ ದೊಡ್ಡ ಡ್ರಮ್ಮಿಗೆ ಮಾತ್ರ ಬೇಕಾದದ್ದು. ಸಣ್ಣ ಡ್ರಮ್ಮಿನಲ್ಲಿ ಕಾಳು ತೆಳ್ಳಗೆ ಹರಡಿರ್ತದೆ, ಬೆವರಿಸಲಿಕ್ಕೆ ನಿಲ್ಲಿಸಬೇಕಾಗಿಲ್ಲ. ಅದಕ್ಕೇ ಅವಳು 'ದೊಡ್ಡ ಡ್ರಮ್ ಇದ್ದರೆ ಮಾತ್ರ' ಅಂತ ಬೇಲಿ ಹಾಕಿ ಆ ಎರಡನ್ನ ಒಳಗಿಟ್ಟಿದ್ದಳು. ಪುಸ್ತಕ ಬರೆಯೋ ಪ್ರೋಗ್ರಾಂಗೆ ದೊಡ್ಡ ಡ್ರಮ್ ಇದೆ ಅಂತ ಯಾರೂ ಹೇಳಿರಲಿಲ್ಲ. ಅದು ಬೇಲಿ ನೋಡಿ ಪಕ್ಕದಿಂದ ಹೋಗಿತ್ತು.

"ಸಂಘದ್ದು ಎಲ್ಲಾ ದೊಡ್ಡ ಡ್ರಮ್ಮೇ," ಅಂದಳು ರುಬೀನಾ ಮೆಲ್ಲಗೆ.

ಆಮೇಲೆ ಮರಿಯಂ, "ಮೇಸ್ತ್ರಿಗಳಿಗೆ ಇವತ್ತು ಎರಡು ರೊಟ್ಟಿ ಜಾಸ್ತಿ," ಅಂದಳು.

ಚೀಟಿಯಲ್ಲಿ ಎರಡನೇ ಹೆಸರು ಸೇರಿತು: ದೊಡ್ಡ ಡ್ರಮ್ ಇದೆ. ಈಗ ಹತ್ತೊಂಬತ್ತು. ಗುರುವಯ್ಯ ಮತ್ತೊಮ್ಮೆ ಓದಿಸಿದ, ಹೆಬ್ಬೆರಳು ಎಲ್ಲೂ ನಿಲ್ಲದೆ ಕೊನೆಯ ಗೆಣ್ಣು ಮುಟ್ಟಿತು. "ಹಾಕು ಪ್ರಿಂಟು," ಅಂದ.

ರುಬೀನಾ ಪ್ರಿಂಟ್ ಅಂದಳು. ಕರೆಂಟ್ ಹೋಯಿತು.

ಹಸನ್ ಎರಡು ಕೈ ತಲೆಮೇಲೆ ಇಟ್ಟುಕೊಂಡ. ಕಂಪ್ಯೂಟರಿನ ಕೆಳಗಿನ ಬ್ಯಾಟರಿ ಡಬ್ಬಿ ಪೀ ಪೀ ಅಂತ ಅಳಲಿಕ್ಕೆ ಶುರು ಮಾಡಿತು. ಗಡಿಯಾರದಲ್ಲಿ ಆಗಲೇ ಒಂದು ಗಂಟೆ ಹತ್ತು ನಿಮಿಷ. ಹಸನ್ ಓಡಿಹೋಗಿ ವೆಲ್ಡಿಂಗಿಗೆ ಇಟ್ಟುಕೊಂಡಿದ್ದ ಡೀಸೆಲ್ ಜನರೇಟರ್ ಸುತ್ತಿದ. ಅದು ಕೆಮ್ಮಿತು, ಉಗುಳಿತು, ಎದ್ದಿತು. ಅದರ ಉಸಿರು ಏರಿದರೆ ಪ್ರಿಂಟರ್ ನಾಗಾಲೋಟ, ಇಳಿದರೆ ಎಮ್ಮೆ ನಡಿಗೆ. ಹಸನ್ ಜನರೇಟರಿನ ಪಕ್ಕ ಕೂತು ಆಕ್ಸಿಲರೇಟರ್ ಹಿಡಿದು, "ಎಷ್ಟನೇ ಪುಟ?" ಅಂತ ಕೂಗೋದು, ರುಬೀನಾ ಒಳಗಿಂದ, "ಹದಿನೆಂಟು, ಇನ್ನೂ ಸ್ವಲ್ಪ ಒತ್ತಿ!" ಅನ್ನೋದು. ಗುರುವಯ್ಯ ಬರ್ತಾ ಇದ್ದ ಕಾಗದವನ್ನ ಹಸುಗೂಸು ಎತ್ತಿಕೊಂಡಂತೆ ಎರಡು ಕೈಯಲ್ಲಿ ತೆಗೆದುಕೊಂಡು ಮಡಿಸಿದ. ಹುಂಜವನ್ನ ಮರಿಯಂ ಬುಟ್ಟಿ ಮುಚ್ಚಿ ಇಟ್ಟಿದ್ದಳು.

ಎರಡೂಕಾಲಿಗೆ ಕೊನೆಯ ಪುಟ ಬಂತು. ಅಂಚು ಹರಿದು ಒಟ್ಟು ಮಾಡಿದರೆ ಐವತ್ತೆರಡು ಹಾಳೆ. ಹೊಲಿಯೋದು ಹೇಗೆ? ಮರಿಯಂ ಗೋಣಿಚೀಲ ಹೊಲಿಯುವ ದಬ್ಬಳ, ಸಣಬಿನ ಹುರಿ ತಂದು ಗಟ್ಟಿಯಾಗಿ ಹೊಲಿದಳು. ಕೊನೆಯಲ್ಲಿ, ಚೀಲಕ್ಕೆ ಹಾಕ್ತಾರಲ್ಲ, ಎರಡು ಕಿವಿಯನ್ನೂ ಬಿಟ್ಟಳು. ಬೇಡ ಅಂದರೂ ಕೇಳಲಿಲ್ಲ. "ಎತ್ತಿಕೊಳ್ಳೋಕೆ ಅನುಕೂಲ," ಅಂದಳು.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಎರಡೂವರೆ. ಅರ್ಧ ಗಂಟೆ ಮೊದಲೇ.

ವಿಮಲಮ್ಮನವರು ಐವತ್ತು ದಾಟಿದವರು. ತೆಳ್ಳಗೆ, ಗಟ್ಟಿ ಸೀರೆ, ಕೈಯಲ್ಲಿ ಗಂಡಸರ ವಾಚು. ಕಿವಿ ಇರೋ ಪುಸ್ತಕವನ್ನ ತಿರುಗಿಸಿ ನೋಡಿದರು.

"ಬನ್ನಿ ಮೇಡಂ, ಮೊದಲು ಊಟ ಮಾಡಿ," ಅಂದಳು ಮರಿಯಂ.

"ಊಟ ಆಮೇಲೆ. ಕಳಸದಿಂದ ಬರ್ತಾ ಏನೂ ತಿಂದಿಲ್ಲ, ಹೊಟ್ಟೆ ಚುರುಗುಟ್ತಾ ಇದೆ, ಬೇಗ ಮುಗಿಸಿಬಿಡುವ." ಪೆಟ್ಟಿಗೆ ಇದ್ದ ಮೇಜಿನ ಎದುರು ಕೂತರು. ಡ್ರಮ್ಮಿನ ಬದಲಿಗೆ ಒಂದು ಸಣ್ಣ ಮೋಟಾರು, ಬಿಸಿಗಾಳಿಯ ಬದಲಿಗೆ ಒಂದು ಬಲ್ಬು ಸಿಕ್ಕಿಸಿ ಇಟ್ಟಿತ್ತು. "ನೋಡಮ್ಮ, ಪರೀಕ್ಷೆ ಇಷ್ಟೇ. ನೀನು ಇಲ್ಲ ಅಂದುಕೊಳ್ತೇನೆ. ದೊಡ್ಡ ಡ್ರಮ್ಮು ನಡುವೆ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನ ನಾನು ಬದಲಾಯಿಸಬೇಕು. ಈ ಪುಸ್ತಕ ನೋಡಿಕೊಂಡು, ನಾನೊಬ್ಬಳೇ. ಯಾರೂ ಬಾಯಿ ಬಿಡಬಾರದು. ಬಿಟ್ಟರೆ ನಮಸ್ಕಾರ."

ಗುರುವಯ್ಯ ರುಬೀನಾಳ ಕಡೆ ತಿರುಗಿದ. ಬೆವರಿಸೋದೇ ಕೇಳಿದ್ದಾರೆ! ಬೆಳಿಗ್ಗೆ ಓಡಿಹೋಗಿದ್ದ ಇಬ್ಬರಲ್ಲಿ ಒಬ್ಬ. ರುಬೀನಾ ದುಪಟ್ಟಾ ಮಡಿಸಿ ಬಾಯಿಗೆ ಒತ್ತಿಕೊಂಡು ಚೀಲದ ರಾಶಿಯ ಮೇಲೆ ಕೂತಳು. ಹಸನ್ ಬಾಗಿಲಲ್ಲಿ.

ವಿಮಲಮ್ಮನವರು ಪುಟ ತಿರುವಿದರು. ಪಟ್ಟಿಯಲ್ಲಿ ಬೆರಳು ಇಳಿಯಿತು, ಹದಿನಾಲ್ಕರಲ್ಲಿ ನಿಂತಿತು. ಬೆವರಿಸು. ಪುಟದ ನಂಬರ್ ನೋಡಿ ಅಲ್ಲಿಗೆ ಹೋದರು. ಕನ್ನಡಕ ಸರಿ ಮಾಡಿಕೊಂಡು ಓದಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ತಡವರಿಸಿ ತಡವರಿಸಿ ಗಟ್ಟಿಯಾಗಿ ಓದಿದರು:

"'ಡ್ರಮ್ ನಿಲ್ಲಿಸಿ ಕಾಳು ಬೆವರಲು ಬಿಡಬೇಕು. ಒಳಗಿನ ನೀರು ಹೊರಗೆ ಬರಬೇಕು. ಇಂಜಿನಿಯರ್ ಬಂದು ಸಾಕು ಅಂದ್ರೆ ನಂಬಬೇಡಿ, ಅವರಿಗೆ ಊಟದ ಹೊತ್ತಾಗಿರ್ತದೆ.'"

ಗುರುವಯ್ಯನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಅದು ಅವನದೇ ಮಾತು. ಹೋದ ವರ್ಷ ರುಬೀನಾಗೆ ಬೆವರಿಸೋದು ಹೇಳಿಕೊಡುವಾಗ ಹಾಗೆ ಅಂದದ್ದು ಹೌದು. ಆದರೆ ಪುಸ್ತಕಕ್ಕೆ ಹೇಗೆ ಬಂತು? ರುಬೀನಾಳ ಕಡೆ ನೋಡಿದ. ಅವಳ ಮುಖ ದುಪಟ್ಟಾದ ಮೇಲೆ ಮೆಣಸಿನಹಣ್ಣಿನಂತೆ ಕೆಂಪಾಗಿತ್ತು. ಅವನು ಹೇಳಿದ್ದನ್ನೆಲ್ಲಾ ಅವಳು ಒಂದಕ್ಷರ ಬಿಡದೆ ಪ್ರತಿ ಕೆಲಸದ ತಲೆಮೇಲೆ ಬರೆದಿಟ್ಟುಕೊಂಡಿದ್ದಳು. ಬೇಲಿಯೊಳಗಿನ ಆ ಎರಡು ಕೆಲಸದ ಮಾತನ್ನ ಪುಸ್ತಕ ಅಲ್ಲಿಯವರೆಗೆ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಇವತ್ತು ಬೇಲಿ ತೆಗೆದದ್ದೇ ಮಾತೂ ಜೊತೆಗೇ ನುಗ್ಗಿ ಬಂದಿತ್ತು. ಹೆಸರು ಮಾತ್ರ ಎಣಿಸಿದ ಅಜ್ಜ, ಹೆಸರು ಮಾತ್ರ ಓದಿದ ಹುಡುಗಿ. ಕೆಳಗೆ ಏನಿದೆ ಅಂತ ಇಬ್ಬರೂ ನೋಡಿರಲಿಲ್ಲ.

ವಿಮಲಮ್ಮನವರ ಹೊಟ್ಟೆ ಆ ಮೌನದಲ್ಲಿ ಗುರ್ರ್ ಅಂತು. ಎಲ್ಲರಿಗೂ ಕೇಳಿಸಿತು.

ಬಾಗಿಲಲ್ಲಿ ಹಸನ್ ಒಂದು ಥರ ಸದ್ದು ಮಾಡಿದ. ರುಬೀನಾ ದುಪಟ್ಟಾ ಬಾಯೊಳಗೇ ತುರುಕಿಕೊಂಡಳು, ಭುಜ ಅಲುಗ್ತಾ ಇತ್ತು. ಗುರುವಯ್ಯ ಮೇಲಿನ ಹೆಂಚು ಎಣಿಸಲಿಕ್ಕೆ ಶುರು ಮಾಡಿದ. ವಿಮಲಮ್ಮನವರು ತಲೆ ಎತ್ತಲಿಲ್ಲ. ಅದೇ ಪುಟದಲ್ಲಿ ಬೆರಳು ಕೆಳಗಿಳಿಸಿದರು. 'ಬೆವರಿನ ಹೊತ್ತು' ಅಂತ ಹೆಸರು ಕಂಡಿತು. ಅದು ಎಲ್ಲಿದೆ ಅಂತ ಪಕ್ಕದಲ್ಲೇ ಇತ್ತು. ಆ ಪುಟಕ್ಕೆ ಹೋದರು. ಕಂಪ್ಯೂಟರಿನಲ್ಲಿ ಆ ಸಾಲು ಹುಡುಕಿ ಒಂದು ತಾಸಿನ ಬದಲಿಗೆ ಒಂದು ನಿಮಿಷ ಮಾಡಿದರು. ಪುಸ್ತಕದ ಕೊನೆಯಲ್ಲಿ ಹೇಳಿದ ಹಾಗೆ ಪೆಟ್ಟಿಗೆಗೆ ತುಂಬಿದರು.

ಮೋಟಾರು ತಿರುಗಿತು. ಬಲ್ಬು ಉರಿಯಿತು. ಸ್ವಲ್ಪ ಹೊತ್ತಿಗೆ ಬಲ್ಬು ಆರಿತು, ಮೋಟಾರು ನಿಂತಿತು. ವಿಮಲಮ್ಮನವರು ವಾಚು ನೋಡಿದರು. ಆ ಒಂದು ನಿಮಿಷ ಗುರುವಯ್ಯನಿಗೆ ಒಂದು ಸೀಸನ್ನಿನಷ್ಟು ಉದ್ದವಾಯಿತು. ಐವತ್ತೆಂಟು, ಐವತ್ತೊಂಬತ್ತು. ಮೋಟಾರು ಗುಂಯ್ ಅಂತ ಮತ್ತೆ ತಿರುಗಿತು.

ವಿಮಲಮ್ಮನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ಮಾತಾಡಬಹುದು," ಅಂದರು. "ಯಾರದು ಈ ಇಂಜಿನಿಯರ್ ಮಾತು?"

ಗುರುವಯ್ಯ ಎದ್ದು ನಿಂತ. "ನಂದು ತಾಯಿ. ತಪ್ಪಾಯ್ತು. ನಿಮ್ಮನ್ನ ಅಂದದ್ದಲ್ಲ. ಅರವತ್ತೆಂಟನೇ ಇಸವಿಯಲ್ಲಿ ಒಬ್ಬರು ಬಂದಿದ್ರು..."

"ಅವರು ಸಾಕು ಅಂದ್ರಾ?"

"ಅಂದ್ರು."

"ನೀವು ಬೆವರಿಸೋದು ನಿಲ್ಲಿಸಿದ್ರಾ?"

"ನಿಲ್ಲಿಸಿದ್ವಿ. ಎಪ್ಪತ್ತು ಚೀಲ ಬೂಷ್ಟು ಬಂತು."

ವಿಮಲಮ್ಮನವರ ತುಟಿ ಒಂದು ಕಡೆ ಎಳೆಯಿತು. ಆಮೇಲೆ ಇನ್ನೊಂದು ಕಡೆ. ಆಮೇಲೆ ತಡೆಯಲಾಗದೆ, ಆ ಗಟ್ಟಿ ಸೀರೆಯ ಹೆಂಗಸು, ಮೇಜಿಗೆ ಹಣೆ ಹಚ್ಚಿ ನಕ್ಕರು. ಅವರು ನಕ್ಕದ್ದೇ ತಡ, ಕಟ್ಟೆ ಒಡೆದಂತೆ ಎಲ್ಲರೂ ನಕ್ಕರು. ರುಬೀನಾಳ ಬಾಯಿಂದ ದುಪಟ್ಟಾ ಹೊರಗೆ ಬಿತ್ತು. ಹಸನ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದ.

ವಿಮಲಮ್ಮನವರು ಕಣ್ಣೊರೆಸಿಕೊಂಡು ಕೆಂಪು ಪೆನ್ನು ತೆಗೆದು ಪುಸ್ತಕದ ಮೊದಲ ಪುಟದ ಮೇಲೆ ಬರೆದರು. ಕನ್ನಡದಲ್ಲೇ ಬರೆದರು, ಗುರುವಯ್ಯನೂ ಕೂಡಿಸಿಕೊಂಡು ಓದಿದ: "ಒಪ್ಪಿದೆ. ಹದಿನಾಲ್ಕನೇ ಕೆಲಸದ ಮಾತು ತಿದ್ದಬೇಕು." ಕೆಳಗೆ ಸಹಿ.

"ಪಂಪ್‌ಸೆಟ್ ಹೊರಗೇ ಇರಲಿ," ಅಂದ ಹಸನ್, ಯಾರಿಗೂ ಅಲ್ಲ, ಗಾಳಿಗೆ. ಆಮೇಲೆ ಮಗಳ ತಲೆಮೇಲೆ ಗ್ರೀಸಿನ ಕೈ ಇಟ್ಟ. ಅವಳು ಒರೆಸಿಕೊಳ್ಳಲಿಲ್ಲ.

ಮರಿಯಂ ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ ಅದೇ ಮೇಜಿಗೆ ತಂದಿಟ್ಟಳು. ರುಬೀನಾ ಕಂಪ್ಯೂಟರಿನ ಎದುರು ಕೂತು, "ತಿದ್ದೋದು ಏನಂತ ಮೇಡಂ?" ಅಂದಳು.

"ಇಂಜಿನಿಯರ್ ಅನ್ನೋದನ್ನ ತೆಗಿ. ನಮ್ಮ ಸಂಘದಲ್ಲಿ ಆಮೇಲೆ ನನ್ನ ಮಾತು ಯಾರು ಕೇಳ್ತಾರೆ?"

"ತೆಗೆದರೆ ಯಾರನ್ನ ನಂಬಬಾರದು ಅಂತ ಹೇಳೋದು ತಾಯಿ?" ಗುರುವಯ್ಯ ಕೇಳಿದ. "ಯಾರನ್ನಾದ್ರೂ ಹೇಳಲೇಬೇಕು. ಇಲ್ಲದಿದ್ರೆ ನಿಲ್ಲಿಸಿಬಿಡ್ತಾರೆ."

"ಧಣಿಗಳು ಅಂತ ಹಾಕಿ," ಅಂದ ಹಸನ್.

"ಧಣಿಗಳೇ ಸಂಘದ ಅಧ್ಯಕ್ಷರು ಮಾರಾಯ್ರೆ," ವಿಮಲಮ್ಮನವರು ರೊಟ್ಟಿ ಮುರಿದರು.

"ಗಂಡಸರು ಅಂತ ಹಾಕಿ," ಅಂದಳು ಮರಿಯಂ ಪಲ್ಯ ಬಡಿಸ್ತಾ.

"ಮೇಸ್ತ್ರಿ ಅಂತ ಹಾಕಿದ್ರೆ?" ರುಬೀನಾ ಅಂದಳು.

"ಬೇಕಾದ್ರೆ ಹಾಕು," ಗುರುವಯ್ಯ ಅಂದ, "ಆದ್ರೆ ಅದು ಸುಳ್ಳಾಗ್ತದೆ. ಸುಳ್ಳು ಬರೆದ ಪುಸ್ತಕಕ್ಕೆ ಮೇಡಂ ಸಹಿ ಹಾಕಬಾರದು."

ವಿಮಲಮ್ಮನವರು ತುತ್ತು ನುಂಗಿ, ಎಡಗೈಯಲ್ಲಿ ಪುಸ್ತಕದ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಸ್ವಲ್ಪ ಯೋಚನೆ ಮಾಡಿದರು.

"ಬರಿ. 'ಊಟದ ಹೊತ್ತಿನಲ್ಲಿ ಸಾಕು ಅಂದವರು ಯಾರೇ ಆಗಲಿ, ನಂಬಬೇಡಿ.'" ಬರೆಸಿ, ಬಟ್ಟಲು ಮುಂದೆ ಸರಿಸಿದರು. "ಇನ್ನೊಂದು ರೊಟ್ಟಿ ಇದೆಯಾ ಮರಿಯಂ?"

"ಸಾಕಾಗಲಿಲ್ವಾ ಮೇಡಂ?"

"ಸಾಕು ಅಂದ್ರೆ ನೀವು ನಂಬೋದಿಲ್ಲವಲ್ಲ!"